ಲೆಸ್ಟರ್‌ನ ರುಚಿ ನ್ಯೂಜೆರ್ಸಿಯಲ್ಲಿ ಹುಡುಕುವುದು ಹೇಗೆ?

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂಬತ್ತು ವರ್ಷ ಸಂಸಾರ ಮಾಡಿ ನಾವು ನ್ಯೂಜೆರ್ಸಿಗೆ ಬಂದಾಗ ಮಗಳಿಗೆ ಏಳು ವರ್ಷ. ಬಂದ ಮೂರನೇ ದಿನ ಬೆಳಿಗ್ಗೆ ಟೋಸ್ಟ್ ಮೇಲೆ ಇಲ್ಲಿನ ಡಬ್ಬಿ ಬೀನ್ಸ್ (ಸಾಸಿನಲ್ಲಿ ಬೆಂದ ಬಿಳಿ ಕಾಳು) ಹಾಕಿ ಕೊಟ್ಟೆ. ಹುಟ್ಟಿದಾಗಿನಿಂದ ತಿಂದ ತಿಂಡಿ. ಒಂದು ಚಮಚ ಬಾಯಿಗಿಟ್ಟವಳು ತಟ್ಟೆ ಆಚೆ ಸರಿಸಿ, ‘ಅಮ್ಮಾ, ಇದಕ್ಕೆ ಬೆಲ್ಲ ಹಾಕಿದ್ದೀಯಾ?’ ಎಂದಳು. ಡಬ್ಬಿ ತಿರುಗಿಸಿ ನೋಡಿದೆ. ಬ್ರೌನ್ ಶುಗರ್ ಇತ್ತು, ಕಾಕಂಬಿ ಇತ್ತು, ಸಣ್ಣ ಅಕ್ಷರದಲ್ಲಿ ಬೇಕನ್ ಕೂಡ ಇತ್ತು. ನಾವು ಮಾಂಸ ತಿನ್ನುವವರಲ್ಲ. ಅವತ್ತು ನನಗಾದ ಸಂಕಟ ಇನ್ನೂ ನೆನಪಿದೆ.

ಬ್ರಿಟನ್‌ನಿಂದ ಅಮೆರಿಕಕ್ಕೆ ಕೆಲಸದ ಮೇಲೆ ಬರುವ ಕನ್ನಡದ ಕುಟುಂಬಗಳು ಈಗ ಜಾಸ್ತಿ. ದೊಡ್ಡವರು ಹೇಗೋ ಹೊಂದಿಕೊಳ್ಳುತ್ತೇವೆ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಮನೆ ರುಚಿ ಅಂದರೆ ನಮ್ಮ ಸಾರಿನಷ್ಟೇ ಆ ಬೀನ್ಸ್, ಆ ಬಿಸ್ಕತ್ತು, ಆ ಕಸ್ಟರ್ಡ್. ಅವೆಲ್ಲ ಇಲ್ಲಿ ಸಿಗುತ್ತವೆ. ಹುಡುಕುವ ದಾರಿ ಗೊತ್ತಿರಬೇಕು, ಅಷ್ಟೆ.

ಮೊದಲು ಹೆಸರು ಬದಲಿಸಿಕೊಳ್ಳಿ

ಎಷ್ಟೋ ಪದಾರ್ಥ ಕಣ್ಣೆದುರಿಗೇ ಇರುತ್ತದೆ, ಹೆಸರು ಬೇರೆ ಇರುವುದರಿಂದ ಕಾಣುವುದಿಲ್ಲ. ಬದನೆಕಾಯಿ ಅಲ್ಲಿ ಆಬರ್ಜಿನ್, ಇಲ್ಲಿ ಎಗ್‌ಪ್ಲಾಂಟ್. ಕೋರ್ಜೆಟ್ ಇಲ್ಲಿ ಜುಕಿನಿ, ಸ್ವೀಡ್ ಇಲ್ಲಿ ರುಟಬೇಗ. ಕೊತ್ತಂಬರಿ ಸೊಪ್ಪಿಗೆ ಸಿಲಾಂಟ್ರೊ ಎನ್ನಬೇಕು. ಕೊರಿಯಾಂಡರ್ ಎಂದರೆ ಧನಿಯ ತೋರಿಸುತ್ತಾರೆ. ಐಸಿಂಗ್ ಶುಗರ್ ಇಲ್ಲಿ ಪೌಡರ್ಡ್ ಶುಗರ್. ಕ್ಯಾಸ್ಟರ್ ಶುಗರ್‌ಗೆ ಸೂಪರ್‌ಫೈನ್ ಅಂತ ಕೇಳಿ. ಸಿಗದಿದ್ದರೆ ಮಾಮೂಲಿ ಸಕ್ಕರೆಯನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ, ಸಾಕು.

ಕಾರ್ನ್‌ಫ್ಲೋರ್ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ನಮಗೆ ಬೇಕಾದ ಬಿಳಿ ನುಣುಪು ಪುಡಿಗೆ ಇಲ್ಲಿ ಕಾರ್ನ್ ಸ್ಟಾರ್ಚ್ ಎನ್ನುತ್ತಾರೆ. ಕಾರ್ನ್ ಫ್ಲೋರ್ ಅಂದರೆ ಮೆಕ್ಕೆಜೋಳದ ಹಿಟ್ಟು. ಅದನ್ನು ಹಾಕಿದರೆ ಸಾಸ್ ಗಟ್ಟಿಯಾಗುವ ಬದಲು ತರಿತರಿಯಾಗುತ್ತದೆ.

ಇನ್ನು ಸೆಲ್ಫ್ ರೇಜಿಂಗ್ ಹಿಟ್ಟು, ಅಂದರೆ ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಮೈದಾ. ಇಲ್ಲಿ ಸೆಲ್ಫ್ ರೈಸಿಂಗ್ ಅಂತ ಸಿಗುತ್ತದೆ, ಆದರೆ ಅದಕ್ಕೆ ಉಪ್ಪು ಬೆರೆಸಿರುತ್ತಾರೆ. ಬ್ರಿಟನ್ನಿನ ಕೇಕಿನ ಅಳತೆಗೆ ಅದು ಸರಿಹೋಗುವುದಿಲ್ಲ. ಒಂದು ಕಪ್ ಆಲ್ ಪರ್ಪಸ್ ಹಿಟ್ಟಿಗೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಬೆರೆಸಿ ಎರಡು ಸಲ ಜರಡಿ ಹಿಡಿಯಿರಿ. ಅವನ್ ಫ್ಯಾರನ್‌ಹೀಟ್‌ನಲ್ಲಿರುತ್ತದೆ. ಅಲ್ಲಿ 180 ಡಿಗ್ರಿ ಸೆಲ್ಸಿಯಸ್ ಇಡುತ್ತಿದ್ದರೆ ಇಲ್ಲಿ 350 ಇಡಿ.

ಹೆಸರು ಒಂದೇ ಇದ್ದರೆ ಲೇಬಲ್ ಓದಿ

ಬ್ರಿಟನ್ನಿನ ಹೆಸರೇ ಇರುತ್ತದೆ, ಒಳಗಿನ ಮಾಲು ಬೇರೆ ಇರುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಕ್ಯಾಡ್ಬರಿ ತೆಗೆದುಕೊಳ್ಳಿ. ಅಮೆರಿಕದಲ್ಲಿ ಆ ಹೆಸರಿನ ಚಾಕೊಲೇಟ್ ಮಾಡುವ ಹಕ್ಕು 1988ರಿಂದ ಹರ್ಷೀಸ್ ಕಂಪನಿಯ ಕೈಯಲ್ಲಿದೆ. ಬ್ರಿಟನ್ನಿನ ಡೈರಿ ಮಿಲ್ಕ್ ಲೇಬಲ್‌ನಲ್ಲಿ ಮೊದಲ ಪದಾರ್ಥ ಹಾಲು, ಇಲ್ಲಿನದರಲ್ಲಿ ಸಕ್ಕರೆ. ಅಲ್ಲಿಂದ ತರಿಸಿ ಮಾರುತ್ತಿದ್ದವರ ಮೇಲೆ ಹರ್ಷೀಸ್ ದಾವೆ ಹೂಡಿತ್ತು. 2015ರಲ್ಲಿ ರಾಜಿಯಾಗಿ, ದೊಡ್ಡ ಆಮದುದಾರರು ಅಲ್ಲಿನ ಕ್ಯಾಡ್ಬರಿ ತರಿಸುವುದನ್ನೇ ನಿಲ್ಲಿಸಿದರು. ಹಾಗಾಗಿ ನೇರಳೆ ಕಾಗದ ನೋಡಿ ಖುಷಿಪಡುವ ಮೊದಲು ಹಿಂಬದಿ ತಿರುಗಿಸಿ, ಎಲ್ಲಿ ತಯಾರಾಗಿದ್ದು ಅಂತ ನೋಡಿ. ಕಿಟ್‌ಕ್ಯಾಟ್ ಕತೆಯೂ ಅದೇ. ಅಲ್ಲಿ ನೆಸ್ಲೆ ಮಾಡುತ್ತದೆ, ಇಲ್ಲಿ ಹರ್ಷೀಸ್.

ಚಹಾಕ್ಕೂ ಇದೇ ಮಾತು. ಟೆಟ್ಲಿ ಅಂತ ಕಂಡ ತಕ್ಷಣ ಬುಟ್ಟಿಗೆ ಹಾಕಬೇಡಿ. ಇಲ್ಲಿನ ಮಾಮೂಲಿ ಟೆಟ್ಲಿ ಹಾಲು ಹಾಕಿದರೆ ನೀರುನೀರು. ‘ಬ್ರಿಟಿಷ್ ಬ್ಲೆಂಡ್’ ಎಂದು ಬರೆದ ಡಬ್ಬಿ ಬೇರೆಯೇ ಇದೆ, ಅದನ್ನು ತೆಗೆದುಕೊಳ್ಳಿ. ಯಾರ್ಕ್‌ಷೈರ್ ಟೀ, ಪಿಜಿ ಟಿಪ್ಸ್ ಕೂಡ ಈಗ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತವೆ.

ಚಹಾದ ರುಚಿ ಎಲೆಯಲ್ಲಷ್ಟೇ ಇಲ್ಲ, ಅಲ್ವಾ? ನೀರು ಕುದಿಯಬೇಕು. ಅಲ್ಲಿನ ವಿದ್ಯುತ್ 230 ವೋಲ್ಟ್, ಕೆಟಲ್ 3000 ವ್ಯಾಟ್. ಒಂದು ಲೀಟರ್ ನೀರು ಎರಡು ನಿಮಿಷದೊಳಗೆ ಕುದಿಯುತ್ತದೆ. ಇಲ್ಲಿನದು 120 ವೋಲ್ಟ್, ಕೆಟಲ್ 1500 ವ್ಯಾಟ್. ಸುಮಾರು ನಾಲ್ಕು ನಿಮಿಷ ಬೇಕು. ಅಲ್ಲಿನ ಕೆಟಲನ್ನು ಪ್ಲಗ್ ಬದಲಿಸಿ ಇಲ್ಲಿ ಹಾಕಿದರೆ ಶಕ್ತಿ ಕಾಲು ಭಾಗಕ್ಕೆ ಇಳಿದು, ಕಾಯುತ್ತಾ ಕೂರಬೇಕಾಗುತ್ತದೆ. ಅದನ್ನು ಹೊತ್ತು ತರಬೇಡಿ. ಇಲ್ಲಿಯದೇ ಒಂದು ಕೊಂಡು, ಪೂರ್ತಿ ಕುದಿಯುವವರೆಗೆ ಕಾಯಿರಿ. ಹಾಲಿಗೆ, ಅಲ್ಲಿ ಹಸಿರು ಮುಚ್ಚಳದ ಸೆಮಿ ಸ್ಕಿಮ್ಡ್ ಬಳಸುತ್ತಿದ್ದವರು ಇಲ್ಲಿ 2% ಅಂತ ಬರೆದದ್ದು ತೆಗೆದುಕೊಂಡರೆ ಬಹುತೇಕ ಅದೇ ರುಚಿ.

ನಮ್ಮ ಇಂಡಿಯನ್ ಅಂಗಡಿಗೆ ಹೋಗಿ

ಬ್ರಿಟಿಷ್ ಅಂಗಡಿ ಹುಡುಕಿಕೊಂಡು ಐವತ್ತು ಮೈಲಿ ಹೋಗುವ ಮೊದಲು ಹತ್ತಿರದ ಪಟೇಲ್ ಬ್ರದರ್ಸ್‌ಗೋ ಬೇರೆ ಯಾವುದೇ ಇಂಡಿಯನ್ ಗ್ರೋಸರಿಗೋ ಹೋಗಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಅಕ್ಕಿ, ತೊಗರಿಬೇಳೆ ತರಲು ಹೇಗೂ ಹೋಗುತ್ತೀರಿ. ಬಿಸ್ಕತ್ತಿನ ಸಾಲಿನಲ್ಲಿ ಮೆಕ್‌ವಿಟೀಸ್ ಡೈಜೆಸ್ಟಿವ್ ಇರುತ್ತದೆ. ಎಷ್ಟೋ ಕಡೆ ಕಸ್ಟರ್ಡ್ ಪುಡಿ, ರೈಬೀನಾ (ಬ್ಲ್ಯಾಕ್‌ಕರಂಟ್ ಎಂಬ ಪುಟ್ಟ ಕಪ್ಪು ಹಣ್ಣಿನ ಪಾನಕ) ಕೂಡ ಇರುತ್ತವೆ. ಬೆಲೆಯೂ ಬ್ರಿಟಿಷ್ ಅಂಗಡಿಗಿಂತ ಕಡಿಮೆ.

ಕಸ್ಟರ್ಡ್ ಪುಡಿ ಬಗ್ಗೆ ಒಂದು ಮಾತು. 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಅದನ್ನು ಕಂಡುಹಿಡಿದದ್ದು ಹೆಂಡತಿಗಾಗಿ. ಆಕೆಗೆ ಮೊಟ್ಟೆ ಆಗಿಬರುತ್ತಿರಲಿಲ್ಲ. ಮೊಟ್ಟೆ ತಿನ್ನದ ನಮ್ಮ ಮನೆಗಳಿಗೆ ಅದು ಅಷ್ಟು ಸಲೀಸಾಗಿ ಬಂದು ಕೂತದ್ದು ಅದಕ್ಕೇ. ಅಮೆರಿಕದ ಸೂಪರ್ ಮಾರ್ಕೆಟ್‌ನಲ್ಲಿ ಕಸ್ಟರ್ಡ್ ಕೇಳಿದರೆ ಪುಡ್ಡಿಂಗ್ ಮಿಕ್ಸ್ ತೋರಿಸುತ್ತಾರೆ. ಅದು ಬೇರೆ.

ಹಾರ್ಲಿಕ್ಸ್ ಕೂಡ ಇಲ್ಲೇ ಸಿಗುತ್ತದೆ. ಆದರೆ ಅದು ಸಾಮಾನ್ಯವಾಗಿ ಭಾರತದ್ದು. ಬ್ರಿಟನ್ನಿನ ಹಾರ್ಲಿಕ್ಸ್ ಕುಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಇಂಗ್ಲೆಂಡಿನಿಂದ ವಲಸೆ ಬಂದ ಹಾರ್ಲಿಕ್ ಅಣ್ಣತಮ್ಮಂದಿರು ಅದನ್ನು ಮಾಡಿದ್ದು ಇದೇ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, 1883ರಲ್ಲಿ ಪೇಟೆಂಟ್ ಸಿಕ್ಕಿದ್ದೂ ಇಲ್ಲೇ. ಈಗ ಅದನ್ನು ಹುಡುಕಿಕೊಂಡು ಇಂಡಿಯನ್ ಅಂಗಡಿಗೆ ಹೋಗಬೇಕು. ಅದರ ಬಾಟಲಿ ಎತ್ತಿಕೊಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ರೈಬೀನಾ ಸಿಕ್ಕರೆ ಎರಡು ಬಾಟಲಿ ತನ್ನಿ. ಬ್ಲ್ಯಾಕ್‌ಕರಂಟ್ ರುಚಿ ಇಲ್ಲಿನವರಿಗೆ ಗೊತ್ತೇ ಇಲ್ಲ ಎನ್ನಬಹುದು. ಪೈನ್ ಮರಗಳಿಗೆ ರೋಗ ಹರಡುತ್ತದೆಂದು ಕಳೆದ ಶತಮಾನದ ಆರಂಭದಲ್ಲಿ ಈ ಗಿಡ ಬೆಳೆಯುವುದನ್ನೇ ಇಲ್ಲಿ ನಿಷೇಧಿಸಿದ್ದರು. ಕೇಂದ್ರದ ನಿಷೇಧ 1966ರಲ್ಲಿ ಹೋಯಿತು, ನ್ಯೂಯಾರ್ಕ್ ರಾಜ್ಯ ಬಿಟ್ಟುಕೊಟ್ಟದ್ದು 2003ರಲ್ಲಿ. ಅಷ್ಟರಲ್ಲಿ ಜನರ ನಾಲಿಗೆಯಿಂದಲೇ ಅದು ಮರೆಯಾಗಿತ್ತು. ಅದಕ್ಕೇ ಇಲ್ಲಿ ನೇರಳೆ ಬಣ್ಣದ ಮಿಠಾಯಿ ಎಂದರೆ ದ್ರಾಕ್ಷಿ ರುಚಿ. ಮಕ್ಕಳಿಗೆ ಮೊದಲೇ ಹೇಳಿಡಿ.

ಆಮೇಲೆ ಉಳಿದ ಅಂಗಡಿಗಳು

ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಇಂಟರ್‌ನ್ಯಾಷನಲ್ ಅಂತ ಒಂದು ಸಾಲಿರುತ್ತದೆ. ನಮ್ಮ ಕಡೆ ವೆಗ್‌ಮನ್ಸ್‌ನಲ್ಲಿ, ಫ್ಲಾರಿಡಾ ಕಡೆ ಪಬ್ಲಿಕ್ಸ್‌ನಲ್ಲಿ ಬ್ರಿಟನ್ನಿನ ಪದಾರ್ಥ ಇಡುತ್ತಾರೆ. ಹೈಂಜ್ ಬೀನ್ಸ್‌ನ ಹಸಿರುನೀಲಿ ಡಬ್ಬಿ, ಬ್ರೆಡ್ಡಿಗೆ ಹಚ್ಚುವ ಉಪ್ಪುಪ್ಪು ಮಾರ್ಮೈಟ್, ತರಕಾರಿಯ ಸಿಹಿಹುಳಿ ಬ್ರಾನ್‌ಸ್ಟನ್ ಪಿಕಲ್, ಲೈಲ್ಸ್ ಗೋಲ್ಡನ್ ಸಿರಪ್ ಅಲ್ಲಿ ಹುಡುಕಿ. ಗೋಲ್ಡನ್ ಸಿರಪ್‌ಗೆ ಸರಿಯಾದ ಬದಲಿ ಇಲ್ಲ. ಜೋನಿ ಬೆಲ್ಲದಷ್ಟು ಮಂದ, ಜೇನಿನ ಬಣ್ಣ, ರುಚಿ ಮಾತ್ರ ಅದರದ್ದೇ. ವರ್ಲ್ಡ್ ಮಾರ್ಕೆಟ್ ಎಂಬ ಅಂಗಡಿಗೆ ನವೆಂಬರ್‌ನಲ್ಲಿ ಹೋದರೆ ಕ್ರಿಸ್‌ಮಸ್ ಪುಡ್ಡಿಂಗ್ ಸಿಗುತ್ತದೆ. ಡಿಸೆಂಬರ್ ಕೊನೆಯವರೆಗೆ ಕಾಯಬೇಡಿ, ಖಾಲಿಯಾಗಿಬಿಡುತ್ತದೆ.

ಪೂರ್ತಿ ಬ್ರಿಟಿಷ್ ಅಂಗಡಿಗಳೂ ಇವೆ. ನ್ಯೂಯಾರ್ಕ್‌ನ ಹಡ್ಸನ್ ಸ್ಟ್ರೀಟ್‌ನಲ್ಲಿರುವ ಮೈಯರ್ಸ್ ಆಫ್ ಕೆಸ್ವಿಕ್ 1985ರಿಂದ ನಡೆಯುತ್ತಿದೆ. ನ್ಯೂಜೆರ್ಸಿಯ ಕಾರ್ನಿ ಊರಿಗೆ 19ನೇ ಶತಮಾನದ ಕೊನೆಯಲ್ಲಿ ನೂಲಿನ ಗಿರಣಿ ಕೆಲಸಕ್ಕೆಂದು ಸ್ಕಾಟ್ಲೆಂಡಿನವರು ಬಂದು ನೆಲೆಸಿದರು. ಅಲ್ಲಿ ಸ್ಕಾಟಿಷ್ ಅಂಗಡಿಗಳು ಹುಟ್ಟಿಕೊಂಡದ್ದು ಹಾಗೆ. ಪಶ್ಚಿಮದಲ್ಲಿರುವವರು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಕಡೆ ವಿಚಾರಿಸಿ.

ತರಿಸುವಾಗ, ಹೊತ್ತು ತರುವಾಗ

ಒಮ್ಮೆ ಜುಲೈನಲ್ಲಿ ಆನ್‌ಲೈನ್‌ನಲ್ಲಿ ಚಾಕೊಲೇಟ್ ತರಿಸಿದ್ದೆ. ಬಾಗಿಲಿಗೆ ಬಂದ ಪೆಟ್ಟಿಗೆ ತೆರೆದರೆ ಎಲ್ಲ ಕರಗಿ ಒಂದೇ ಮುದ್ದೆಯಾಗಿತ್ತು. ಅಂಗಡಿಯವರು ದುಡ್ಡು ವಾಪಸು ಕೊಡಲಿಲ್ಲ. ಚಾಕೊಲೇಟ್ ತರಿಸುವುದಿದ್ದರೆ ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ ತರಿಸಿ. ಬ್ರಿಟನ್‌ನಿಂದ ನೇರವಾಗಿ ಪಾರ್ಸೆಲ್ ತರಿಸುವವರು ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಈಗ ಅಮೆರಿಕದೊಳಗೇ ದಾಸ್ತಾನು ಇಟ್ಟುಕೊಂಡ ಅಂಗಡಿಯಿಂದ ಕೊಳ್ಳುವುದು ವಾಸಿ.

ಸೂಟ್‌ಕೇಸಿನಲ್ಲಿ ಚಹಾ, ಬಿಸ್ಕತ್ತು, ಚಾಕೊಲೇಟ್, ಜಾಮ್ ತರಬಹುದು. ಮಾಂಸದ ಪದಾರ್ಥ ಬೇಡವೇ ಬೇಡ. ಒಳಗೆ ಆಟಿಕೆ ಇರುವ ಕಿಂಡರ್ ಸರ್‌ಪ್ರೈಸ್ ಚಾಕೊಲೇಟ್ ಮೊಟ್ಟೆಯೂ ಬೇಡ. ತಿನಿಸಿನೊಳಗೆ ಆಟಿಕೆ ಹುದುಗಿಸುವುದಕ್ಕೆ 1938ರ ಕಾನೂನು ಬಿಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ತಿನ್ನುವ ಪದಾರ್ಥ ಇದೆ ಅಂತ ಮೊದಲೇ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ಪದಾರ್ಥ ಹೋಗುತ್ತದೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಮಾಂಸ ತಿನ್ನುವವರು ತಿಳಿದಿರಬೇಕಾದ್ದು ಎರಡು. ಇಲ್ಲಿ ಬೇಕನ್ ಎಂದರೆ ಹೊಟ್ಟೆ ಭಾಗದ್ದು, ಅಲ್ಲಿನ ಥರದ್ದಕ್ಕೆ ಬ್ಯಾಕ್ ಬೇಕನ್ ಅಂತಲೇ ಕೇಳಬೇಕು. ಕುರಿಯ ಶ್ವಾಸಕೋಶ ತಿನ್ನಲು 1971ರಿಂದ ಅನುಮತಿ ಇಲ್ಲ. ಇಲ್ಲಿನ ಹ್ಯಾಗಿಸ್ (ಕುರಿಯ ಒಳಾಂಗಗಳಿಂದ ಮಾಡುವ ಸ್ಕಾಟಿಷ್ ತಿನಿಸು) ಶ್ವಾಸಕೋಶ ಬಿಟ್ಟು ಮಾಡಿದ್ದು.

ಸಿಗದಿದ್ದರೆ ಮನೆಯಲ್ಲೇ ಮಾಡಿ

ಬೀನ್ಸ್ ಮೊದಲು. ಒಳಗಿರುವ ಕಾಳಿಗೆ ಇಲ್ಲಿ ನೇವಿ ಬೀನ್ಸ್ ಎನ್ನುತ್ತಾರೆ. ಬೇಯಿಸಿದ ಒಂದು ಡಬ್ಬಿ ಕಾಳು ತೊಳೆದು ಪಾತ್ರೆಗೆ ಹಾಕಿ. ಅರ್ಧ ಕಪ್ ಟೊಮೆಟೊ ಸಾಸ್ (ಕೆಚಪ್ ಅಲ್ಲ), ಅರ್ಧ ಕಪ್ ನೀರು, ಒಂದು ಟೀ ಚಮಚ ಸಕ್ಕರೆ, ಉಪ್ಪು, ಚಿಟಿಕೆ ಬಿಳಿ ಮೆಣಸಿನ ಪುಡಿ, ನಾಲ್ಕು ಹನಿ ವಿನಿಗರ್. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಒಂದು ಟೀ ಚಮಚ ಕಾರ್ನ್ ಸ್ಟಾರ್ಚ್ ನೀರಲ್ಲಿ ಕದಡಿ ಸೇರಿಸಿ. ನನ್ನ ಮಗಳು ಇದನ್ನು ಒಪ್ಪಿಕೊಂಡಿದ್ದಾಳೆ.

ನಾನು ತುಂಬ ಪ್ರೀತಿಯಿಂದ ಮಾಡುವುದು ಕ್ಲಾಟೆಡ್ ಕ್ರೀಮ್, ಅಂದರೆ ಕಾಯಿಸಿ ಕಟ್ಟಿಸಿದ ಗಟ್ಟಿ ಕೆನೆ. ಅದರಲ್ಲಿ ಕೊಬ್ಬು ಕನಿಷ್ಠ 55% ಇರಬೇಕು, ಇಲ್ಲಿನ ಹೆವಿ ಕ್ರೀಮ್‌ನಲ್ಲಿ 36% ಸುಮಾರು. ಬಾಟಲಿಯಲ್ಲಿ ಸಿಗುವ ಕ್ಲಾಟೆಡ್ ಕ್ರೀಮ್ ಗಟ್ಟಿಯಾಗಿ ಸಪ್ಪೆ ಎನಿಸುತ್ತದೆ. ಹೆವಿ ಕ್ರೀಮ್ ಕೊಳ್ಳುವಾಗ ‘ಅಲ್ಟ್ರಾ ಪಾಶ್ಚರೈಸ್ಡ್’ ಎಂದು ಬರೆದದ್ದು ಬೇಡ, ಅದು ಸರಿಯಾಗಿ ಕೆನೆಗಟ್ಟುವುದಿಲ್ಲ. ಅಗಲವಾದ ಗಾಜಿನ ತಟ್ಟೆಗೆ ಎರಡು ಬೆರಳು ಎತ್ತರ ಸುರಿದು, ಅವನ್‌ನಲ್ಲಿ 180 ಡಿಗ್ರಿ ಫ್ಯಾರನ್‌ಹೀಟ್‌ಗೆ ರಾತ್ರಿಯಿಡೀ, ಹನ್ನೆರಡು ಗಂಟೆ ಬಿಡಿ. ಕಲಕಬಾರದು. ಬೆಳಿಗ್ಗೆ ಮೇಲೆ ಹಳದಿ ಪದರ ಸುಕ್ಕುಗಟ್ಟಿರುತ್ತದೆ. ಅಜ್ಜಿ ಕೆಂಡದ ಮೇಲೆ ಹಾಲು ಇಟ್ಟು ಕೆನೆ ಕಟ್ಟಿಸುತ್ತಿದ್ದರಲ್ಲ, ಅದೇ ವಾಸನೆ ಮನೆ ತುಂಬ. ಆರಿಸಿ, ಎಂಟು ಗಂಟೆ ಫ್ರಿಜ್‌ನಲ್ಲಿಟ್ಟು, ಮೇಲಿನ ಕೆನೆಯನ್ನು ಚಮಚದಿಂದ ಮೆಲ್ಲಗೆ ಎತ್ತಿ ತೆಗೆಯಿರಿ.

ಇಂಗ್ಲೆಂಡಿನ ಡೆವನ್‌ನವರು ಸ್ಕೋನ್ (ಸಣ್ಣ ಬನ್ನಿನಂಥ ತಿನಿಸು) ಮೇಲೆ ಮೊದಲು ಕ್ರೀಮ್ ಹಚ್ಚುತ್ತಾರೆ, ಕಾರ್ನ್‌ವಾಲ್‌ನವರು ಮೊದಲು ಜಾಮ್. ನಮ್ಮ ಮನೆಯಲ್ಲಿ ಜಾಮ್ ಮೊದಲು. ತಟ್ಟೆಯ ತಳದಲ್ಲಿ ಉಳಿಯುವ ತಿಳಿಯನ್ನು ಚೆಲ್ಲಬೇಡಿ. ಹಾಲಿನ ಬದಲು ಅದನ್ನೇ ಹಾಕಿ ಸ್ಕೋನ್ ಹಿಟ್ಟು ಕಲಸಿ, ಸ್ಕೋನ್ ಮೆತ್ತಗೆ ಬರುತ್ತದೆ.