ಮಿಯಾಟಾಕ್ಕೆ ಅಗ್ಗದ ರೇಡಿಯೇಟರ್ ಹಾಕಿ ಗೆದ್ದ ಕಥೆ

ಕಳೆದ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ವಿಲೋಸ್ ಊರಿನ ಥಂಡರ್‌ಹಿಲ್ ರೇಸ್ ಟ್ರ್ಯಾಕಿನಲ್ಲಿ 40 ಡಿಗ್ರಿ ಬಿಸಿಲು. ನನ್ನ 1992ರ ಮಿಯಾಟಾ, ಮಜ್ದಾ ಕಂಪನಿಯ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು, 20 ನಿಮಿಷದ ಸೆಷನ್ ಪೂರ್ತಿ ಓಡಿತು. ಎಂಜಿನ್ ತಣಿಸುವ ಕೂಲಂಟ್ ನೀರಿನ ಟೆಂಪರೇಚರ್ 98ರ ಆಸುಪಾಸಿನಲ್ಲೇ ಇತ್ತು. ರೇಡಿಯೇಟರಿನ ಮುಂದೆ ಕೂತು ಗಾಳಿಗೆ ಅಡ್ಡವಾಗುವ ಎ.ಸಿ. ಕಂಡೆನ್ಸರ್ ಕೂಡ ಕಿತ್ತಿರಲಿಲ್ಲ. 'ಮಿಯಾಟಾ ಟ್ರ್ಯಾಕಿನಲ್ಲಿ ಅತಿಯಾಗಿ ಬಿಸಿಯಾಗೋದು ರೀರೂಟ್, ಅಂದ್ರೆ ಕೂಲಂಟ್ ಹರಿಯೋ ದಾರಿ ಬದಲಿಸೋದು, ಮಾಡದೆ ಬಗೆಹರಿಯುವ ಮಾತೇ ಅಲ್ಲ' ಅಂದಿದ್ದವರು ಪಕ್ಕದಲ್ಲೇ ಬಾನೆಟ್ ಎತ್ತಿಕೊಂಡು ನಿಂತಿದ್ದರು. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಗಾಡಿ ಮೊದಲ ತಲೆಮಾರಿನದು, 1.6 ಎಂಜಿನ್, ಟರ್ಬೊ ಇಲ್ಲ. ಹಳೇ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಕಪ್ಪು ಹೋಗಿ ಹಳದಿ ಕಂದು ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ಕಂಡರೆ ಕಾಯಬಾರದು, ಇವತ್ತಲ್ಲ ನಾಳೆ ಸೀಳುತ್ತದೆ. ಊರಲ್ಲಿ ಓಡಾಡುವಾಗ ತೊಂದರೆ ಇರಲಿಲ್ಲ. ಟ್ರ್ಯಾಕಿಗೆ ಇಳಿದರೆ ಮೂರು ನಾಲ್ಕು ಲ್ಯಾಪಿಗೇ 110 ದಾಟುತ್ತಿತ್ತು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಕೂತರೆ ಇದು ಗೊತ್ತೇ ಆಗುವುದಿಲ್ಲ. ಅದು ನಡುವೆ ನಿಂತರೆ ನಿಂತೇ ಇರುತ್ತದೆ, ಏಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಬೇರೆ ಗೇಜ್ ಹಾಕಿಕೊಳ್ಳಿ. ನಾನು ಎರಡು ಹಾಕಿದೆ, ಒಂದು ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ಹತ್ತಿರ, ಇನ್ನೊಂದು ಎಂಜಿನ್ ಹೆಡ್ಡಿನ ಹಿಂದೆ.

ಮೊದಲು ಎಲ್ಲರ ಮಾತು ಕೇಳಿ ದಪ್ಪ ರೇಡಿಯೇಟರನ್ನೇ ತಂದೆ. ಕೋರ್, ಅಂದರೆ ನೀರು ಹರಿದು ತಣಿಯುವ ನಡುವಿನ ಭಾಗ, 50 ಮಿ.ಮೀ.ಗೂ ಜಾಸ್ತಿ ದಪ್ಪ. ಹತ್ತಿರ ಹತ್ತಿರ 400 ಡಾಲರ್. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೂರಿಸಿದ ಮೇಲೆ ಫ್ಯಾನ್ ಮೋಟರಿಗೂ ಪುಲ್ಲಿಗೂ ನಡುವೆ ಬೆರಳು ತೂರುವಷ್ಟೂ ಜಾಗ ಉಳಿಯಲಿಲ್ಲ. ಎ.ಸಿ. ಕಡೆಯ ಫ್ಯಾನ್ ತೆಗೆದು ತೆಳುವಾದ ಬೇರೆ ಫ್ಯಾನ್ ತರಬೇಕಾಯಿತು, ಅದಕ್ಕೆ ಇನ್ನೊಂದು 70. ಇಷ್ಟೆಲ್ಲ ಸುರಿದು ಟ್ರ್ಯಾಕಿಗೆ ಹೋದರೆ 107! ಇಳಿದದ್ದು ಮೂರೋ ನಾಲ್ಕೋ ಡಿಗ್ರಿ. ಬಿಸಿ ಏರೋದು ಒಂದೆರಡು ಲ್ಯಾಪ್ ತಡ ಆಯಿತು, ಅಷ್ಟೇ. ನೀರು ಜಾಸ್ತಿ ಹಿಡಿಯುತ್ತೆ, ಬಿಸಿಯಾಗಲು ಜಾಸ್ತಿ ಹೊತ್ತು ಬೇಕು. ಅದನ್ನೇ ಜನ ತಂಪು ಅಂದುಕೊಳ್ಳುತ್ತಾರೆ.

ಮೈಸೂರಿನಲ್ಲಿ ಗ್ಯಾರೇಜ್ ಇಟ್ಟಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. 'ಲೋ, ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕೋ. ನಾವಿಲ್ಲಿ ಎಲ್ಲಾ ಗಾಡಿಗೂ ಅದನ್ನೇ ಮಾಡೋದು' ಅಂದ. 'ಅಣ್ಣಾ, ಅದು ಸರಿ ಹೋಗಲ್ಲ' ಅಂದರೂ ಕೇಳಬೇಕಲ್ಲ. ನೋಡೇಬಿಡೋಣ ಅಂತ ತೆಗೆದೆ. ರಾತ್ರಿ ಫ್ರೀವೇಯಲ್ಲಿ ಬರುವಾಗ ಎಂಜಿನ್ 70 ದಾಟಲೇ ಇಲ್ಲ, ಹೀಟರಿನ ಗಾಳಿಯಲ್ಲಿ ಬಿಸಿ ಕಮ್ಮಿ, ಪೆಟ್ರೋಲ್ ಮಾತ್ರ ಕುಡಿಯಿತು. ಟ್ರ್ಯಾಕಿನಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ ಇದ್ದರೂ ಇರಬಹುದು. ಟ್ರ್ಯಾಕಿನಲ್ಲಿ ಥರ್ಮೋಸ್ಟ್ಯಾಟ್ ಹೇಗೂ ಪೂರ್ತಿ ತೆರೆದೇ ಇರುತ್ತೆ, ತೆಗೆದು ಪ್ರಯೋಜನವೇನು? ಅಣ್ಣ ಇವತ್ತಿಗೂ ಒಪ್ಪಿಲ್ಲ.

ರಹಸ್ಯ ಇದ್ದದ್ದು ಗಾಳಿಯಲ್ಲಿ. ಒಂದು ರಾತ್ರಿ ಗ್ಯಾರೇಜಿನ ದೀಪ ಆರಿಸಿ, ರೇಡಿಯೇಟರಿನ ಹಿಂದೆ ಒಂದು ವರ್ಕ್ ಲೈಟ್ ಇಟ್ಟು, ಬಂಪರಿನ ಬಾಯಿಯ ಮುಂದೆ ಮಲಗಿ ನೋಡಿದೆ. ಕೋರಿನ ಫಿನ್ನುಗಳ (ತೆಳು ಲೋಹದ ರೆಕ್ಕೆಗಳ) ಮೂಲಕ ಬೆಳಕು ಕಾಣಬೇಕು, ಕಂಡಿತು. ಆದರೆ ಅದಕ್ಕಿಂತ ಜೋರಾದ ಬೆಳಕು ಎರಡೂ ಪಕ್ಕದಿಂದ, ಕೆಳಗಿನಿಂದ, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಿಂದ ಬರುತ್ತಿತ್ತು. ಪಕ್ಕದ ಸಂದಿಯಲ್ಲಿ ಅಂಗೈ ಪೂರ್ತಿ ತೂರುತ್ತಿತ್ತು. ಗಾಳಿ ಸೋಮಾರಿ ಅಲ್ವಾ, ದಾರಿ ಬಿಟ್ಟರೆ ಫಿನ್ನುಗಳ ನಡುವೆ ಯಾಕೆ ನುಗ್ಗುತ್ತೆ? ಜೊತೆಗೆ ಹಿಂದಿನ ಮಾಲೀಕ ಎಂಜಿನ್ ಕೆಳಗೆ ಗಾಳಿಯ ದಾರಿ ಮುಚ್ಚುವ ಅಂಡರ್‌ಟ್ರೇಯನ್ನು ಎಸೆದುಬಿಟ್ಟಿದ್ದ. ಗುಜರಿ ಅಂಗಡಿಯಲ್ಲಿ ಒಂದು ಟ್ರೇ ಸಿಕ್ಕಿತು, 60 ಡಾಲರ್. ಅದೊಂದನ್ನು ಹಾಕಿದ್ದಕ್ಕೇ ಮೂರು ಡಿಗ್ರಿ ಇಳಿಯಿತು. 400 ಡಾಲರ್ ಮಾಡಿದ ಕೆಲಸವನ್ನು 60 ಡಾಲರ್ ಮಾಡಿತು.

ಇಷ್ಟು ಆದ ಮೇಲೆ ದಪ್ಪದ್ದನ್ನು ತೆಗೆದು, ಆನ್‌ಲೈನಿನಲ್ಲಿ 130 ಡಾಲರಿಗೆ ಸಿಕ್ಕ 37 ಮಿ.ಮೀ. ಕೋರಿನ ಪೂರ್ತಿ ಅಲ್ಯೂಮಿನಿಯಂ ರೇಡಿಯೇಟರ್ ತರಿಸಿದೆ. ಗೆಳೆಯರು ನಕ್ಕರು. 'ದುಡ್ಡು ಉಳಿಸೋಕೆ ಹೋಗಿ ಎಂಜಿನ್ ಸುಡ್ತೀಯ' ಅಂದರು. ತೆಳ್ಳಗಿದ್ದರೆ ಗಾಳಿ ಸರಾಗವಾಗಿ ದಾಟುತ್ತೆ, ಹಳೇ ಫ್ಯಾನುಗಳೂ ಕೂರುತ್ತವೆ ಅನ್ನುವುದು ನನ್ನ ಲೆಕ್ಕ.

ಅಗ್ಗದ ಮಾಲನ್ನು ಪರೀಕ್ಷೆ ಮಾಡದೆ ಕೂರಿಸಬೇಡಿ. ನಾನು ಹೋಸ್ ಬಾಯಿಗಳನ್ನು ಮುಚ್ಚಿ, ಸೈಕಲ್ ಪಂಪಿನಲ್ಲಿ 15 ಪಿಎಸ್‌ಐ ಹೊಡೆದು, ಮಗಳ ಪ್ಲಾಸ್ಟಿಕ್ ಈಜುಕೊಳದಲ್ಲಿ ಮುಳುಗಿಸಿದೆ. ಕ್ಯಾಪಿನ ಕುತ್ತಿಗೆಯ ವೆಲ್ಡಿನಿಂದ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು. ಫೋಟೋ ಕಳಿಸಿದೆ. ಮಾರಿದವನು ತಕರಾರಿಲ್ಲದೆ ಇನ್ನೊಂದು ಕಳಿಸಿದ. ಅದು ಗಟ್ಟಿ. ಫ್ಯಾನ್ ಬೋಲ್ಟಿನ ತೂತುಗಳು ನಾಲ್ಕೈದು ಮಿ.ಮೀ. ಆಚೀಚೆ ಇದ್ದವು, ಫ್ಯಾನ್ ಕೂರುವ ಚೌಕಟ್ಟಾದ ಶ್ರೌಡಿನ ತೂತನ್ನು ಅರದಿಂದ ಉದ್ದ ಮಾಡಿದೆ. ಡ್ರೈನ್ ಪ್ಲಗ್ಗಿನ ಓ-ರಿಂಗನ್ನು ಎಸೆದು ಒಳ್ಳೇದು ಹಾಕಿದೆ. ಒಳಗೆ ಬೆಸುಗೆಗೆ ಬಳಸಿದ ಫ್ಲಕ್ಸ್ ಪುಡಿ ಉಳಿದಿರಬಹುದು, ಬಿಸಿನೀರಲ್ಲಿ ಕುಲುಕಿ ಕುಲುಕಿ ತೊಳೆದು ಕೊನೆಗೆ ಡಿಸ್ಟಿಲ್ಡ್ ವಾಟರ್ ಹಾಯಿಸಿ. ನನ್ನದರಿಂದ ಬೂದಿ ನೀರು ಬಂತು. ಕೂಲಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನೂ ತೆಗೆಯಬೇಕು, ಕಾರಿನ ಮೂತಿ ಎತ್ತಿ, ಹೀಟರ್ ಪೂರ್ತಿ ಬಿಟ್ಟು, ತಾಳ್ಮೆಯಿಂದ.

ಇನ್ನು ಸಂದಿ ಮುಚ್ಚುವ ಕೆಲಸ. ಗಾಳಿಯನ್ನು ನೇರ ರೇಡಿಯೇಟರಿಗೆ ಒಯ್ಯುವ ಡಕ್ಟಿಗೆ ಬಳಸಿದ್ದು ಚುನಾವಣೆಯ ಬೋರ್ಡು. ಇಲ್ಲಿ ಚುನಾವಣೆ ಮುಗಿದ ಮೇಲೂ ಮನೆಗಳ ಮುಂದೆ ಹುಲ್ಲಿನಲ್ಲಿ ನಿಂತೇ ಇರುತ್ತವಲ್ಲ, ಒಳಗೆ ಟೊಳ್ಳು ಪದರ ಇರುವ ಪ್ಲಾಸ್ಟಿಕ್ ಹಾಳೆ, ಅದು. ಮನೆಯವರನ್ನು ಕೇಳಿಯೇ ತಂದೆ, ಕೊಟ್ಟವರಿಗೂ ಖುಷಿ. ಬ್ಲೇಡಿನಲ್ಲಿ ಸುಲಭವಾಗಿ ಕೊಯ್ಯಬಹುದು. ಟೊಳ್ಳಿನ ಗೆರೆಯ ಉದ್ದಕ್ಕೆ ಒಂದು ಪದರ ಮಾತ್ರ ಸೀಳಿದರೆ ನೀಟಾಗಿ ಮಡಿಸುತ್ತೆ. ಬಂಪರ್ ಬಾಯಿಯಿಂದ ಕಂಡೆನ್ಸರ್ ತನಕ ಎರಡು ಪಕ್ಕ ಮತ್ತು ಒಂದು ತಳ ಮಾಡಿ ಝಿಪ್ ಟೈಯಲ್ಲಿ ಕಟ್ಟಿದೆ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಬಾಗಿಲಿಗೆ ಹಚ್ಚುವ ಫೋಮ್ ಪಟ್ಟಿ. ಕೆಳಗಿನ ಕ್ರಾಸ್‌ಮೆಂಬರ್ (ಅಡ್ಡಪಟ್ಟಿ) ಹತ್ತಿರ ಫೋಮ್ ನಿಲ್ಲಲ್ಲ, ಹರಿದು ಹೋಗುತ್ತೆ. ಅಲ್ಲಿಗೆ ಏನು ಹಾಕಿದೆ ಅನ್ನೋದು ನನ್ನ ಹತ್ರಾನೇ ಇರಲಿ. ಅಡುಗೆಮನೆಯಲ್ಲಿ ಹುಡುಕಿದರೆ ಸಿಗುತ್ತೆ. ಮತ್ತೆ ಲೈಟ್ ಇಟ್ಟು ನೋಡಿದೆ, ಕೋರ್ ಬಿಟ್ಟು ಬೇರೆಲ್ಲೂ ಬೆಳಕಿಲ್ಲ.

ನಡುವೆ ಇನ್ನೊಂದು ಹುಚ್ಚಾಟವೂ ಆಯಿತು. ಬಾನೆಟ್ಟಿನ ಹಿಂದಿನ ಹಿಂಜಿಗೆ ವಾಷರ್ ಕೊಟ್ಟು ಎತ್ತಿದರೆ ಬಿಸಿಗಾಳಿ ಹೊರಗೆ ಹೋಗುತ್ತೆ ಅಂತ ತುಂಬಾ ಜನ ಮಾಡುತ್ತಾರೆ. ನಾನು ಬಾನೆಟ್ ತುಂಬಾ ಉಲ್ಲನ್ ದಾರದ ತುಂಡು ಅಂಟಿಸಿದೆ. ಹೆಂಡತಿ 'ಕಾರಿಗೆ ಜಡೆ ಹಾಕಿ ಆಯ್ತಾ?' ಅಂತ ನಗುತ್ತಲೇ, ಗೆಳೆಯ ಓಡಿಸುತ್ತಿದ್ದ ಪಕ್ಕದ ಕಾರಿನಿಂದ ವಿಡಿಯೋ ಮಾಡಿದಳು. ವೇಗದಲ್ಲಿ ಗಾಜಿನ ಬುಡದ ದಾರಗಳು ಹಿಂದಕ್ಕೆ ಹಾರಲಿಲ್ಲ, ಸಂದಿಯ ಒಳಗೇ ನುಗ್ಗಿದವು. ಗಾಜಿಗೆ ಬಡಿದ ಗಾಳಿಯ ಒತ್ತಡ ಅಲ್ಲಿ ಜಾಸ್ತಿ. ಬಿಸಿಗಾಳಿ ಹೊರಗೆ ಹೋಗೋದಿರಲಿ, ಎಂಜಿನ್ ಇರುವ ಜಾಗಕ್ಕೆ ಹೊಸ ಗಾಳಿ ತುಂಬಿ ರೇಡಿಯೇಟರಿನ ಗಾಳಿಗೆ ಅಡ್ಡ ನಿಲ್ಲುತ್ತೆ. ವಾಷರ್ ಅವತ್ತೇ ತೆಗೆದೆ.

ರೀರೂಟ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಈ ಎಂಜಿನ್ ಮಜ್ದಾ 323ರಲ್ಲಿ ಅಡ್ಡಲಾಗಿ ಕೂರುತ್ತಿದ್ದಾಗ ನೀರು ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಡುತ್ತಿತ್ತು. ಮಿಯಾಟಾದಲ್ಲಿ ಹೊರದಾರಿಯನ್ನೂ ಮುಂದಕ್ಕೇ ತಂದರು, ನಾಲ್ಕನೇ ಸಿಲಿಂಡರ್ ಜಾಸ್ತಿ ಕಾಯುತ್ತೆ. ನನ್ನ ಎರಡು ಗೇಜುಗಳ ನಡುವೆ ಟ್ರ್ಯಾಕಿನಲ್ಲಿ ಏಳೆಂಟು ಡಿಗ್ರಿ ವ್ಯತ್ಯಾಸ ಈಗಲೂ ಇದೆ. ಟರ್ಬೊ ಹಾಕುವವರು ರೀರೂಟ್ ಮಾಡಲೇಬೇಕು. 116 ಅಶ್ವಶಕ್ತಿಯ ನನ್ನ ಗಾಡಿಗೆ ಆ ಖರ್ಚು ಸದ್ಯಕ್ಕೆ ದಂಡ.

ಒಟ್ಟು ಲೆಕ್ಕ: ಅಗ್ಗದ ರೇಡಿಯೇಟರ್, ಟ್ರೇ, ಫೋಮ್, ಹೋಸು, ಕೂಲಂಟ್ ಎಲ್ಲಾ ಸೇರಿ 270 ಡಾಲರ್ ಇರಬಹುದು. ಗೇಜುಗಳ ಖರ್ಚು ಬೇರೆ. ದಪ್ಪದ್ದನ್ನು 200ಕ್ಕೆ ಮಾರಿದೆ. ಪ್ರತಿ ಟ್ರ್ಯಾಕ್ ದಿನದ ಮುಂಚೆ ಝಿಪ್ ಟೈ ಎಳೆದು ನೋಡುತ್ತೇನೆ, ಎಡಗಡೆಯದು ಒಮ್ಮೆ ಸಡಿಲವಾಗಿತ್ತು. ಬೋರ್ಡು ಹರಿದರೆ ಮುಂದಿನ ಚುನಾವಣೆ ತನಕ ಕಾಯುವ ಪ್ರಮೇಯ ಇಲ್ಲ, ಶೆಡ್ಡಿನಲ್ಲಿ ಇನ್ನೂ ಆರೇಳು ಬಿದ್ದಿವೆ.