ಮೂರನೇ ಯಂತ್ರ ಯಾಕೆ ಹಿಂದೆ ಬಿತ್ತು?

ನಮ್ಮದು ಐದೇ ಐದು ಗಾಳಿಯಂತ್ರಗಳ ಪುಟ್ಟ ಸ್ಥಾವರ, ಅವುಗಳ ನಿರ್ವಹಣೆ ನನ್ನ ಪಾಲಿನದು. ಒಂದು ಸಲ ತಿಂಗಳ ಲೆಕ್ಕ ನೋಡುವಾಗ ಮೂರನೇ ಯಂತ್ರ ಉಳಿದವಕ್ಕಿಂತ ಶೇ 4ರಷ್ಟು ಕಡಿಮೆ ಯೂನಿಟ್ ಕೊಟ್ಟಿತ್ತು. ಅದು ಎಲ್ಲೂ ನಿಂತಿರಲಿಲ್ಲ, ಅಲಾರಂ ಹೊಡೆದಿರಲಿಲ್ಲ. ಕೆಳಗಿನಿಂದ ನೋಡಿದರೆ ಪಕ್ಕದ್ದರಷ್ಟೇ ಚೆನ್ನಾಗಿ ತಿರುಗುತ್ತಿತ್ತು.

ಮೊದಲು ಗೇರ್‌ಬಾಕ್ಸ್ ಮೇಲೆ ಅನುಮಾನ ಬಂತು. ರೆಕ್ಕೆಗಳು ನಿಮಿಷಕ್ಕೆ ಸುಮಾರು 17 ಸುತ್ತು ಹಾಕುತ್ತವೆ, ಜನರೇಟರ್‌ಗೆ ಬೇಕಾದದ್ದು 1,500ರ ಆಸುಪಾಸು. ನಡುವಿನ ಅಷ್ಟೂ ಭಾರ ಹೊರುವುದು ಗೇರ್‌ಬಾಕ್ಸೇ. ಎಣ್ಣೆ ತೆಗೆದು ನೋಡಿದೆ, ಲೋಹದ ಪುಡಿ ಇರಲಿಲ್ಲ. ಜನರೇಟರ್‌ನ 690 ವೋಲ್ಟನ್ನು 33,000ಕ್ಕೆ ಏರಿಸುವ ಟ್ರಾನ್ಸ್‌ಫಾರ್ಮರ್ ಕೂಡ ತಣ್ಣಗಿತ್ತು. ಮುಂದೆ ರೆಕ್ಕೆ. ಗಾಳಿ ರೆಕ್ಕೆಯನ್ನು ಬರೀ ತಳ್ಳುವುದಿಲ್ಲ. ವಿಮಾನದ ರೆಕ್ಕೆಯನ್ನು ಎತ್ತುವ ಬಲವೇ ಇಲ್ಲಿ ಅದನ್ನು ಸುತ್ತಿಸುತ್ತದೆ. ಮುಂದಂಚಿನಲ್ಲಿ ಧೂಳು, ಸತ್ತ ಹುಳ ಮೆತ್ತಿಕೊಂಡರೆ ಆ ಬಲ ಕುಗ್ಗುತ್ತದೆ. ದುರ್ಬೀನಿನಲ್ಲಿ ನೋಡಿದೆ. ಅಂಥ ಕೊಳೆಯೇನೂ ಕಾಣಲಿಲ್ಲ.

ಕೊನೆಗೆ ಹತ್ತು ಹತ್ತು ನಿಮಿಷದ ಸರಾಸರಿ ಅಂಕಿಗಳನ್ನು ಗಾಳಿಯ ವೇಗದೆದುರು ಗುರುತಿಸುತ್ತಾ ಕೂತೆ. ಆಗ ಒಂದು ವಿಚಿತ್ರ ಕಂಡಿತು: ಸೆಕೆಂಡಿಗೆ 13 ಮೀಟರ್ ದಾಟಿದ ಜೋರು ಗಾಳಿಯಲ್ಲಿ ಐದೂ ಸಮ. ಆರರಿಂದ ಒಂಬತ್ತು ಮೀಟರಿನ ಸಾಧಾರಣ ಗಾಳಿಯಲ್ಲಿ ಮಾತ್ರ ಮೂರನೆಯದು ಹಿಂದೆ.

ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಅದರಲ್ಲಿ ಶೇ 59.3ಕ್ಕಿಂತ ಹೆಚ್ಚು ಹಿಡಿಯಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ, ಹಿಡಿದದ್ದನ್ನೂ ಜನರೇಟರ್ ಒಂದು ಮಿತಿಯವರೆಗಷ್ಟೇ ತಾಳುತ್ತದೆ. ಆ ಮಿತಿ ಮುಟ್ಟಿದ ಮೇಲೆ ರೆಕ್ಕೆಗಳು ತಮ್ಮ ಕೋನ ಬದಲಿಸಿ ಮಿಕ್ಕ ಗಾಳಿಯನ್ನು ಬಿಟ್ಟುಕೊಡುತ್ತವೆ. ಹೇಗೂ ಚೆಲ್ಲುವ ಹೊತ್ತಿನಲ್ಲಿ ಸ್ವಲ್ಪ ಕಡಿಮೆ ಹಿಡಿದರೆ ಯಾರಿಗೂ ಗೊತ್ತಾಗದು. ಅಂದರೆ ಯಂತ್ರದ ಒಳಗೆ ಕೆಟ್ಟದ್ದು ಏನೂ ಇಲ್ಲ. ಬಹುಶಃ ಅದು ಗಾಳಿಗೆ ನೇರ ಮುಖ ಕೊಡುತ್ತಿಲ್ಲ, ಅದಕ್ಕೇ ಹಿಡಿಯುವುದು ಕಡಿಮೆ.

ನೆಸೆಲ್, ಅಂದರೆ ಗೋಪುರದ ತುದಿಯಲ್ಲಿ ಗೇರ್‌ಬಾಕ್ಸ್, ಜನರೇಟರ್ ಇರುವ ಗೂಡು, ಯಾವ ಕಡೆ ತಿರುಗಿದೆ ಎಂಬ ಅಂಕಿಯೂ ನೆರೆಯವುಗಳಿಗಿಂತ ಸುಮಾರು 12 ಡಿಗ್ರಿ ಆಚೆ ಇತ್ತು. ಆದರೆ ಆ ಅಂಕಿ ಎಣಿಕೆ ಶುರುಮಾಡುವ ಸೊನ್ನೆಯೇ ಜಾರಿರಲೂಬಹುದು, ಹಾಗಾಗಿ ಹತ್ತಲೇಬೇಕಾಯಿತು. ಗಾಳಿ ತಗ್ಗುವ ದಿನಕ್ಕೆ ಕಾದು, ಯಂತ್ರ ನಿಲ್ಲಿಸಿ 80 ಮೀಟರ್ ಏಣಿ ಹತ್ತಿದೆ. (ಅರ್ಧ ದಾರಿಯಲ್ಲಿ ಸ್ಪ್ಯಾನರ್ ಕೆಳಗೇ ಉಳಿದದ್ದು ನೆನಪಾಯಿತು. ಆ ಮಾತು ಬೇಡ.)

ಮೇಲೆ ರೆಕ್ಕೆಗಳು ತಿರುಗದಂತೆ ಲಾಕ್ ಹಾಕಿ ನೋಡಿದರೆ, ನೆಸೆಲ್ ನೆತ್ತಿಯ ಮೇಲಿದ್ದ, ಗಾಳಿಯ ದಿಕ್ಕು ಹೇಳುವ ವೇನ್ ತನ್ನ ಬುಡದಲ್ಲೇ ಓರೆಯಾಗಿ ಕೂತಿತ್ತು. ಅದು ತೋರಿಸಿದ ಕಡೆಗೆ ಯಂತ್ರ ವಿಧೇಯವಾಗಿ ಮುಖ ತಿರುಗಿಸುತ್ತಿತ್ತು, ಪಾಪ. ಎರಡು ತಿಂಗಳ ಹಿಂದೆ ಆ ವೇನ್ ಬದಲಾಯಿಸಿದವನು ನಾನೇ. ಕತ್ತಲಾಗುತ್ತಿದೆ ಎಂದು ಕಣ್ಣಳತೆಯಲ್ಲಿ ಕೂರಿಸಿ ಇಳಿದಿದ್ದೆ.

ಸರಿಪಡಿಸಲು ಅರ್ಧ ಗಂಟೆ ಸಾಕಾಯಿತು. ಈಗ ಹಳೆಯದನ್ನು ಬಿಚ್ಚುವ ಮುಂಚೆ ವೇನ್‌ಗೂ ಅದರ ಬುಡಕ್ಕೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದುಕೊಳ್ಳುತ್ತೇನೆ.