ಟ್ರಾನ್ಸ್‌ಜೆಂಡರ್ ಮಗು ಇರುವ ಮನೆಗೆ ಸೋದರಮಾವ ಏನು ಮಾಡಬಹುದು

ನನ್ನದು ಮಂಡ್ಯದಲ್ಲಿ ಟೈಲರ್ ಅಂಗಡಿ. ಸ್ಕೂಲ್ ಶುರುವಾಗುವ ಹೊತ್ತಿಗೆ ಹಗಲು ರಾತ್ರಿ ಯೂನಿಫಾರಂ ಕೆಲಸ. ಅಕ್ಕನ ಮನೆ ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿದೆ. 2021ರಲ್ಲಿ, ಕೊರೋನಾ ಆಗಿ ಸ್ಕೂಲ್ ಮತ್ತೆ ತೆರೆಯುವಾಗ, ಏಳನೇ ಕ್ಲಾಸಿನ ಅಕ್ಕನ ಮಗು ಅಳತೆ ಕೊಡಲು ಅಂಗಡಿಗೆ ಬಂತು. ನಾನು ಟೇಪ್ ಹಿಡಿದು ನಿಂತೆ. ಮಗು ಗೋಡೆ ನೋಡಿಕೊಂಡು, "ಮಾವ, ಚೂಡಿದಾರ ಬೇಡ, ಪ್ಯಾಂಟ್ ಹೊಲಿದುಕೊಡು. ನಾನು ಹುಡುಗ ಕಣ್ ಮಾವ" ಅಂತು.

ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತೆ. ಏನು ಹೇಳಬೇಕೋ ಗೊತ್ತಾಗಲಿಲ್ಲ. ಕೊನೆಗೆ, "ಎಷ್ಟು ದಿನದಿಂದ ಹಿಂಗನ್ನಿಸ್ತಿದೆ ಮಗಾ? ಇನ್ಯಾರಿಗೆ ಹೇಳಿದ್ದೀಯ?" ಅಂತ ಕೇಳಿದೆ. ಮೂರನೇ ಕ್ಲಾಸಿನಿಂದ ಅಂತೆ. ಇನ್ಯಾರಿಗೂ ಹೇಳಿರಲಿಲ್ಲ.

ಹುಟ್ಟಿದಾಗ ಹೆಣ್ಣು ಅಂದುಕೊಂಡ ಮಗು ಒಳಗಿನಿಂದ ಹುಡುಗ ಆಗಿರುವುದು, ಗಂಡು ಅಂದುಕೊಂಡದ್ದು ಹುಡುಗಿ ಆಗಿರುವುದು, ಇದಕ್ಕೇ ಟ್ರಾನ್ಸ್‌ಜೆಂಡರ್ ಅನ್ನುವುದು. ಮಗು ಹೇಳಿದಾಗ ಮೊದಲು ಮಾಡಬೇಕಾದ್ದು ಇಷ್ಟೇ. ಕೇಳಿಸಿಕೊಳ್ಳಿ. ಹೇಳಿದ್ದು ಒಳ್ಳೇದಾಯ್ತು ಅನ್ನಿ. ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಅಂತ ಮಗುವನ್ನೇ ಕೇಳಿ. "ಮೊಬೈಲ್ ನೋಡಿ ಕಲಿತಿದ್ದು", "ಮದುವೆ ಆದ್ರೆ ಸರಿಹೋಗುತ್ತೆ" ಇಂಥ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಪ್ಯಾಂಟ್ ಕೇಳುವ ಹುಡುಗಿಯರೆಲ್ಲ ಹುಡುಗರಲ್ಲ, ಅಂಥ ಎಷ್ಟೋ ಹುಡುಗಿಯರಿಗೆ ನಾನೇ ಪ್ಯಾಂಟ್ ಹೊಲಿದುಕೊಟ್ಟಿದ್ದೇನೆ. ಬಟ್ಟೆ ಒಂದು ಮಾತು, "ನಾನು ಹುಡುಗ" ಅಂತ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡು ನೋಯುವುದು ಬೇರೆ ಮಾತು. ಯಾವುದು ಏನು ಅಂತ ಆವತ್ತೇ ತೀರ್ಮಾನ ಮಾಡಬೇಕಾಗಿಲ್ಲ. ಮುಂದೆ ಮಗುವಿನ ಮನಸ್ಸಿಗೆ ಬೇರೆ ಥರ ಅನ್ನಿಸಿದರೂ, ಕೇಳಿಸಿಕೊಂಡಿದ್ದರಿಂದ ಯಾರಿಗೂ ನಷ್ಟವಾಗುವುದಿಲ್ಲ.

ನಾನು ಇಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಅದೇ ಸಂಜೆ ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪಕ್ಕದಲ್ಲಿ ಬಟನ್ ಹಾಕುತ್ತಿದ್ದ ಹುಡುಗ ಕೇಳಿಸಿಕೊಂಡ. ಅವನ ಊರೂ ಅಕ್ಕನ ಊರಿನ ಮಗ್ಗುಲಲ್ಲೇ. ವಾರದೊಳಗೆ ಹಾಲಿನ ಡೈರಿ ಹತ್ತಿರ ಯಾರೋ ಅಕ್ಕನನ್ನೇ ಕೇಳಿದರು. ಮಗು ಅಮ್ಮನಿಗೆ ತಾನೇ ಹೇಳಬೇಕಿದ್ದ ಮಾತು ಬೀದಿಯಿಂದ ಅವಳಿಗೆ ತಲುಪಿತು. ಮಗುವಿನ ಹತ್ತಿರ ಕ್ಷಮೆ ಕೇಳಿದೆ. "ಹೋಗ್ಲಿ ಬಿಡು ಮಾವ" ಅಂದ, ಆದರೆ ಒಂದು ತಿಂಗಳು ಅಂಗಡಿಗೆ ಬರಲಿಲ್ಲ. ಅದಕ್ಕೇ ಹೇಳ್ತೀನಿ, ಮಗು ಒಪ್ಪುವವರೆಗೂ ಈ ವಿಷಯ ನಿಮ್ಮ ಬಾಯಿಂದ ಹೊರಗೆ ಬರಬಾರದು. ಹೆಂಡತಿ ಹತ್ತಿರವೂ ಬೇಡ.

ಇನ್ನು ಒಸಗೆ. ನಮ್ಮ ಕಡೆ ಹೆಣ್ಣುಮಗು ಮೈನೆರೆದರೆ ಸೋದರಮಾವನೇ ಮುಂದೆ ನಿಲ್ಲಬೇಕು. ಗುಡ್ಲು ಹಾಕಬೇಕು, ಸೀರೆ ತರಬೇಕು, ಕೊಬ್ಬರಿ, ಬೆಲ್ಲ, ತುಪ್ಪ ಹೊರಬೇಕು. ಅಂಗಡಿಯ ಮಾತಾಗಿ ಎರಡು ತಿಂಗಳಿಗೆ ಅಕ್ಕನ ಫೋನ್ ಬಂತು. ಅವಳ ಅತ್ತೆ ಮನೆಯವರು ಆಗಲೇ ದಿನ ನೋಡಿಸಿದ್ದರು. ಮಗು ರೂಮಿನ ಚಿಲಕ ಹಾಕಿಕೊಂಡು ಊಟಕ್ಕೂ ಬರುತ್ತಿಲ್ಲ ಅಂದಳು.

ಅದಕ್ಕಿಂತ ಮೊದಲು ನನ್ನ ಪಾತ್ರ ಏನು ಅಂತ ನನಗೆ ಗೊತ್ತಿರಲಿಲ್ಲ. ಆವತ್ತು ಗೊತ್ತಾಯ್ತು. ಸೋದರಮಾವ ಸೀರೆ ತರದೆ ಒಸಗೆ ಆಗುವುದಿಲ್ಲ. ಅಕ್ಕ "ಬೇಡ" ಅಂದರೆ ಅವಳು ಕೆಟ್ಟ ಸೊಸೆ. ಭಾವ "ಬೇಡ" ಅಂದರೆ ಹೆಂಡತಿ ಮಾತು ಕೇಳುವವನು. ನಾನು "ತರಲ್ಲ" ಅಂದರೆ ಬೈಗುಳ ನನ್ನ ಮೇಲೆ ಬೀಳುತ್ತದೆ, ಆ ಮನೆಗೆ ತಾಗುವುದಿಲ್ಲ. ನಾನು ಹೋಗಿ ಜಗಲಿ ಮೇಲೆ ಕೂತು, "ನಮ್ಮ ಕಡೆಯಿಂದ ಈ ಶಾಸ್ತ್ರ ಬೇಡ. ಮಗೀಗೆ ಇಷ್ಟ ಇಲ್ಲ. ಬೈಯೋದಿದ್ರೆ ನನ್ನ ಬೈಯಿರಿ" ಅಂದೆ. ಬೈದರು. ಜಿಪುಣ ಅಂದರು. ಇರಲಿ. ಒಸಗೆ ನಿಂತಿತು.

ನೆಂಟರಾಗಿ ನೀವು ಮಾಡಬಹುದಾದ ಕೆಲಸಗಳಲ್ಲಿ ಇದೇ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಮಗು, ಅಪ್ಪ, ಅಮ್ಮ ಎದುರಿಸಬೇಕಾದ ಪ್ರಶ್ನೆಗಳನ್ನು ನಿಮ್ಮ ಕಡೆ ತಿರುಗಿಸಿಕೊಳ್ಳಿ. ಮದುವೆ ಮನೆಯಲ್ಲಿ ಯಾರಾದರೂ ಕೆದಕಿದರೆ ನೀವು ಮಧ್ಯೆ ಹೋಗಿ ಕೂತುಕೊಳ್ಳಿ. "ಅಕ್ಕನಿಗೆ ಫೋನ್ ಮಾಡಬೇಡಿ, ಏನಿದ್ರೂ ನನ್ನನ್ನ ಕೇಳಿ" ಅಂತ ದೊಡ್ಡಪ್ಪ, ಚಿಕ್ಕಮ್ಮಂದಿರಿಗೆ ಒಂದೇ ಸಲ ಹೇಳಿಬಿಡಿ.

ಮುಟ್ಟಿನ ದಿನಗಳು ಇಂಥ ಹುಡುಗರಿಗೆ ತುಂಬ ಕಷ್ಟ. ಅದರ ಬಗ್ಗೆ ಜಾಸ್ತಿ ಮಾತು ಬೇಡ, ವ್ಯವಸ್ಥೆ ಇರಲಿ. ನಾನು ಅಂಗಡಿಯಲ್ಲಿ ಬಟನ್ ಡಬ್ಬಗಳ ಹಿಂದಿನ ಡ್ರಾಯರ್‌ನಲ್ಲಿ ಒಂದು ಪ್ಯಾಡ್ ಪ್ಯಾಕೆಟ್ ಇಟ್ಟಿರುತ್ತೇನೆ. ಎಲ್ಲಿದೆ ಅಂತ ಅವನಿಗೆ ಗೊತ್ತು. ಖಾಲಿಯಾದರೆ ನಾನೇ ತಂದಿಡುತ್ತೇನೆ.

ಈಗ ಮಾತಿನ ವಿಷಯ. ಕನ್ನಡದಲ್ಲಿ "ನೀನು ಬಂದೆ" ಅನ್ನುವಾಗ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಸಿಕ್ಕಿಬೀಳುವುದು "ಬಂದ", "ಬಂದ್ಲು" ಅನ್ನುವಾಗ. ಮಂಡ್ಯದಲ್ಲಿ ಇನ್ನೂ ಕಷ್ಟ, "ಕಣಮ್ಮಿ" ಅನ್ನದೆ, "ಕಣ್ಲಾ" ಅನ್ನದೆ ನಮಗೆ ಮಾತೇ ಮುಗಿಯುವುದಿಲ್ಲ. ಹನ್ನೆರಡು ವರ್ಷ "ಬಾರಮ್ಮಿ" ಅಂದ ನಾಲಿಗೆ ಒಂದೇ ದಿನಕ್ಕೆ ತಿರುಗಲ್ಲ. ನಾನು ರಾತ್ರಿ ಅಂಗಡಿ ಮುಚ್ಚಿ ಸೈಕಲ್ ತುಳಿಯುತ್ತಾ ಅಭ್ಯಾಸ ಮಾಡಿದೆ: "ಅಕ್ಕನ ಮಗ ಬಂದ. ನಮ್ಮ ಅಳಿಯ ಊಟ ಮಾಡ್ದ." ಅದುವರೆಗೆ ಸೊಸೆ ಅನ್ನುತ್ತಿದ್ದವನು ಅಳಿಯ ಅನ್ನಬೇಕಿತ್ತು. ತಪ್ಪಿದಾಗ ಅಳುವುದು, ಉದ್ದುದ್ದ ಕ್ಷಮೆ ಕೇಳುವುದು ಬೇಡ, ಆಗ ಮಗುವೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಸರಿಯಾದ ಮಾತು ಹೇಳಿ ಮುಂದೆ ಹೋಗಿ.

ವಯಸ್ಸಾದವರಿಗೆ ಒಂದು ಸುಲಭದ ದಾರಿ ಇದೆ. ನಮ್ಮವ್ವನಿಗೆ "ಮೊಮ್ಮಗ" ಅನ್ನಲು ಆಗಲೇ ಇಲ್ಲ. "ಕೂಸು ಅನ್ನವ್ವ" ಅಂದೆ. "ಕೂಸು ಬಂತಾ? ಕೂಸು ಉಣ್ತಾ?" ಇದರಲ್ಲಿ ಯಾರಿಗೂ ನೋವಿಲ್ಲ. ಆರು ತಿಂಗಳು ಹಾಗೇ ನಡೆಯಿತು. ಹೆಸರೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ 129 ಟ್ರಾನ್ಸ್‌ಜೆಂಡರ್ ಹುಡುಗ ಹುಡುಗಿಯರನ್ನು ಕೇಳಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಮನೆ, ಸ್ಕೂಲು, ಕೆಲಸ, ಗೆಳೆಯರು ಹೀಗೆ ಹೆಚ್ಚು ಕಡೆ ಅವರೇ ಆರಿಸಿಕೊಂಡ ಹೆಸರಲ್ಲಿ ಕರೆಸಿಕೊಂಡವರಿಗೆ ಖಿನ್ನತೆಯೂ ಸಾಯುವ ಯೋಚನೆಯೂ ಕಡಿಮೆ ಇತ್ತು. ಒಂದು ಹೆಸರು ಕರೆಯುವುದಕ್ಕೆ ನಮಗೆ ಖರ್ಚೇನೂ ಇಲ್ಲ ಅಲ್ವಾ?

ಟ್ರಾನ್ಸ್‌ಜೆಂಡರ್ ಅಂದರೆ ಅವ್ವನಿಗೆ ಗೊತ್ತಿದ್ದದ್ದು ಬಸ್ಸಿನಲ್ಲಿ ಕೈ ತಟ್ಟಿ ದುಡ್ಡು ಕೇಳುವವರು ಮಾತ್ರ. ಆ ವರ್ಷ ನವೆಂಬರ್‌ನಲ್ಲಿ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಂಡಿದ್ದು ಟಿವಿಯಲ್ಲಿ ಬಂತು. ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಅದನ್ನು ಅವ್ವ ಎರಡು ಸಲ ನೋಡಿದಳು. "ಈಯಮ್ಮನೂ ಯಾರದೋ ಮನೆ ಕೂಸೇ ಅಲ್ವೇನ್ಲಾ" ಅಂದಳು. ಅಕ್ಕನ ಮಗ ಹುಡುಗ, ಅವನ ದಾರಿ ಬೇರೆ. ಟ್ರಾನ್ಸ್ ಹುಡುಗರು ಕಣ್ಣಿಗೆ ಬೀಳುವುದು ಕಮ್ಮಿ, ಅದಕ್ಕೇ ಜನಕ್ಕೆ ಗೊತ್ತಾಗುವುದೂ ಕಮ್ಮಿ. ಆದರೂ ಅವ್ವನ ಮನಸ್ಸು ಸಡಿಲವಾಗಿದ್ದು ಆವತ್ತೇ.

ಭಾವನ ಬಗ್ಗೆ ಹೇಳಲೇಬೇಕು. ಎಲ್ಲರೂ ಮಗುವನ್ನೇ ನೋಡುತ್ತಾರೆ, ಅಪ್ಪನನ್ನು ಯಾರೂ ಕೇಳುವುದಿಲ್ಲ. ಭಾವ ಮೂರು ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮನೆಯಲ್ಲಿ ಎದುರು ಬದುರು ಕೂರಿಸಿ ಮಾತಾಡಿಸಿದರೆ ಅಂಥವರು ಬಾಯಿ ಬಿಡುವುದಿಲ್ಲ. ನಾಲೆಗೆ ನೀರು ಬಿಟ್ಟಿದ್ದರು, ಅವರ ಸರದಿ ರಾತ್ರಿ ಇತ್ತು. ನಾನೂ ಒಂದು ಗುದ್ದಲಿ ಹಿಡಿದು ಗದ್ದೆಗೆ ಹೋದೆ. ಎರಡು ಗಂಟೆ ಸುಮ್ನೆ ನೀರು ಕಟ್ಟಿದೆವು. ಆಮೇಲೆ ಕತ್ತಲಲ್ಲಿ ಕೇಳಿದರು, "ನಾನೇನಯ್ಯಾ ತಪ್ಪು ಮಾಡ್ದೆ?"

"ಯಾರ ತಪ್ಪೂ ಅಲ್ಲ ಭಾವ. ಕಾಯಿಲೆನೂ ಅಲ್ಲ" ಅಂದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳಿಂದ ತೆಗೆದುಹಾಕಿದೆ ಅಂತ ಓದಿದ್ದೆ, ಅದನ್ನೂ ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಆದರೆ ಮಾರನೇ ದಿನ ಒಂದು ಕೆಲಸ ಮಾಡಿದರು, ನಾನು ಹೇಳಿಕೊಟ್ಟಿದ್ದಲ್ಲ. ಹಿತ್ತಲ ಅಟ್ಟದ ಮೇಲಿದ್ದ ಗದ್ದೆ ಔಷಧಿ ಡಬ್ಬಗಳನ್ನೆಲ್ಲ ಇಳಿಸಿ, ಪಂಪ್‌ಸೆಟ್ ಮನೆಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಹಳ್ಳಿ ಮನೆಯವರು ದಯವಿಟ್ಟು ಇದೊಂದನ್ನು ಇವತ್ತೇ ಮಾಡಿ. ಮಗು ಊಟ ಬಿಟ್ಟರೆ, ತನ್ನ ವಸ್ತುಗಳನ್ನು ಬೇರೆಯವರಿಗೆ ಕೊಡಲು ಶುರುಮಾಡಿದರೆ, "ನಾನಿಲ್ಲದಿದ್ರೆ ನಿಮಗೇ ಒಳ್ಳೇದು" ಅಂದರೆ, ಒಂಟಿಯಾಗಿ ಬಿಡಬೇಡಿ. "ಸಾಯಬೇಕು ಅನ್ನಿಸ್ತಿದೆಯಾ ಮಗಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕಟ್ಟಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಾದರೂ ಹೊಡೆದರೆ, ಕೂಡಿಹಾಕಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಡಾಕ್ಟರ ಹತ್ತಿರ ಹೋಗಬೇಕಾ? ಮಗು ಚಿಕ್ಕದಿದ್ದು ಇನ್ನೂ ದೊಡ್ಡದಾಗುವ ಲಕ್ಷಣ ಶುರುವಾಗಿಲ್ಲ ಅಂದರೆ ಔಷಧಿ, ಇಂಜೆಕ್ಷನ್ ಯಾವುದೂ ಬೇಕಾಗಿಲ್ಲ. ಹೆಸರು, ಬಟ್ಟೆ, ಕೂದಲು, ಪ್ರೀತಿ ಇಷ್ಟೇ. ದೊಡ್ಡದಾಗುತ್ತಾ ದೇಹ ಕಂಡು ನರಳುತ್ತಿದ್ದರೆ ಮನೋವೈದ್ಯರನ್ನೂ ಹಾರ್ಮೋನ್ ತಜ್ಞರನ್ನೂ ಕಾಣಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಅಂತ ವಿಭಾಗವಿದೆ. ಅಂಗಡಿಯಲ್ಲಿ ಸಿಗುವ ಹಾರ್ಮೋನ್ ಮಾತ್ರೆಗಳನ್ನು ತಾವೇ ತಂದು ನುಂಗುವುದು ಅಪಾಯ. ಇನ್ನೊಂದು ಮಾತು. ನಮಗೆ ಒಬ್ಬರು, "ನಾಲ್ಕು ಸಲ ಬನ್ನಿ, ಮನಸ್ಸು ತಿರುಗಿಸಿ ಕಳಿಸ್ತೀನಿ" ಅಂದರು. ಅಕ್ಕ ಅಲ್ಲಿಂದಲೇ ಎದ್ದು ಬಂದಳು. ಹೀಗೆ "ವಾಸಿ" ಮಾಡಲು ಹೋಗುವುದು ವೈದ್ಯರ ಪಾಲಿಗೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ತಾಯತ, ಮಂತ್ರದ ದಾರದ ದುಡ್ಡೂ ಉಳಿಸಿಕೊಳ್ಳಿ.

ಸ್ಕೂಲಿಗೆ ಅಪ್ಪ ಅಮ್ಮನ ಜೊತೆ ನೀವೂ ಹೋಗಿ. ಎಲ್ಲವನ್ನೂ ಒಂದೇ ದಿನ ಕೇಳಬೇಡಿ. ನಾವು ಮೂರೇ ಕೇಳಿದೆವು: ಕ್ಲಾಸಿನಲ್ಲಿ ಈ ಹೆಸರಲ್ಲಿ ಕರೀರಿ, ಪ್ರಾರ್ಥನೆಗೆ ಸಾಲು ನಿಲ್ಲಿಸುವಾಗ ಹುಡುಗಿಯರ ಸಾಲಿಗೆ ಎಳೀಬೇಡಿ, ಸ್ಟಾಫ್ ಟಾಯ್ಲೆಟ್ ಬಳಸಲು ಬಿಡಿ. ಹೆಡ್‌ಮಾಸ್ಟರ್ ಮೊದಲು ಬೇಡ ಅಂದರು. ಇದೇ ಮೂರನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ಇನ್ನೊಂದು ಪ್ರತಿ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬಂದೆವು. ಬಾಯಿಮಾತಿಗಿಂತ ಹಾಳೆಗೆ ಬೆಲೆ. ಹದಿನೈದು ದಿನದಲ್ಲಿ ಎರಡು ಆಯಿತು, ಹೆಸರು ಮಾತ್ರ ಕ್ಲಾಸ್ ಟೀಚರ್ ಒಬ್ಬರೇ ಕರೆಯುತ್ತಿದ್ದರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ ಕಾರ್ಡಿನ ಹೆಸರು ಮುಂದೆ ಎಲ್ಲ ಕಡೆ ಬರುತ್ತದೆ, ಆಮೇಲೆ ಬದಲಾಯಿಸುವುದು ಕಷ್ಟ. ಅದರ ವಿಚಾರವನ್ನು ಒಂಬತ್ತನೇ ಕ್ಲಾಸಿನಲ್ಲೇ ಶುರು ಮಾಡಿ.

ಕಾನೂನಿನಲ್ಲಿ ನೆನಪಿಡಬೇಕಾದ್ದು ಸ್ವಲ್ಪವೇ. ಟ್ರಾನ್ಸ್‌ಜೆಂಡರ್ ಅನ್ನುವ ಕಾರಣಕ್ಕೆ ಮಗುವನ್ನು ಅಪ್ಪ ಅಮ್ಮನಿಂದ ಬೇರೆ ಮಾಡುವ ಹಾಗಿಲ್ಲ, ಕೋರ್ಟ್ ಹೇಳದ ಹೊರತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆ ಅಂತ ಬಂದ 2019ರ ಕಾಯ್ದೆಯ ಮಾತು ಇದು. "ದೂರ ಎಲ್ಲಾದ್ರೂ ಬಿಟ್ಟುಬನ್ನಿ" ಅಂದ ನೆಂಟರಿಗೆ ನಾನು ಇದನ್ನೇ ಹೇಳಿದೆ. ಅದೇ ಕಾಯ್ದೆಯಲ್ಲಿ, ಗುರುತಿನ ಪ್ರಮಾಣಪತ್ರಕ್ಕೆ 18 ತುಂಬದ ಮಕ್ಕಳ ಪರವಾಗಿ ಅಪ್ಪ ಅಮ್ಮ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು ಅಂತಿದೆ. ನಮ್ಮ ಹುಡುಗ "ಸದ್ಯಕ್ಕೆ ಬೇಡ" ಅಂದ, ನಾವೂ ಬಿಟ್ಟೆವು. ಹಾಕುವವರು ಆ ಹೊತ್ತಿನ ನಿಯಮವನ್ನು ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿಕೊಳ್ಳಿ. ಕೋರ್ಟ್ ಆವರಣದಲ್ಲೇ ಇರುತ್ತದೆ, ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅಕ್ಕ ಭಾವನಂಥವರಿಗೆ ಇನ್ನೊಬ್ಬ ಅಪ್ಪ ಅಮ್ಮನ ಜೊತೆ ಮಾತಾಡಿದರೆ ಸಿಗುವ ಧೈರ್ಯ ನಮ್ಮಿಂದ ಸಿಗಲ್ಲ. ಮುಂಬೈಯಲ್ಲಿ 2017ರಲ್ಲಿ ಶುರುವಾದ ಸ್ವೀಕಾರ್ ಅನ್ನುವುದು ಇಂಥ ಅಪ್ಪ ಅಮ್ಮಂದಿರದೇ ಗುಂಪು.

ಕೊನೆಗೆ ಬಟ್ಟೆ, ನನಗೆ ಚೆನ್ನಾಗಿ ಗೊತ್ತಿರುವುದು ಅದೇ. ಎದೆ ಕಾಣಬಾರದು ಅಂತ ಕೆಲವು ಹುಡುಗರು ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುತ್ತಾರೆ, ಟೇಪ್ ಅಂಟಿಸಿಕೊಳ್ಳುತ್ತಾರೆ. ಅದು ಬೇಡವೇ ಬೇಡ. ಉಸಿರು ಕಟ್ಟುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುತ್ತದೆ. ಸರಿಯಾದ ಅಳತೆಯ ಸ್ಪೋರ್ಟ್ಸ್ ಒಳ ಉಡುಪು, ಅದರ ಮೇಲೆ ಬನಿಯನ್, ಅದರ ಮೇಲೆ ಅಂಗಿ. ಮಲಗುವಾಗ, ಓಡಿ ಆಡುವಾಗ ಬಿಗಿಯಾದದ್ದು ಏನೂ ಇರಬಾರದು. ಅಂಗಿಗೆ ದಪ್ಪ ಬಟ್ಟೆ ತಗೊಳ್ಳಿ, ತೆಳು ಟೆರಿಕಾಟ್ ಮೈಗೆ ಅಂಟುತ್ತದೆ. ಎದೆ ಸುತ್ತಳತೆಗೆ ನಾಲ್ಕು ಇಂಚಿನ ಬದಲು ಆರು ಇಂಚು ಲೂಸ್ ಇಡಿಸಿ, ಎರಡೂ ಕಡೆ ಮುಚ್ಚಳ ಇರುವ ಜೇಬು ಹಾಕಿಸಿ. ಡಾರ್ಟ್, ಅಂದರೆ ಮೈಗೆ ಕೂರಲು ಎದೆ ಹತ್ತಿರ ಹೊಲಿಯುವ ಮಡಿಕೆ, ಹಿಡಿಯಬಾರದು ಅಂತ ಮೊದಲೇ ಹೇಳಿ. ಟೇಪ್ ಹಿಡಿದು ಮೈ ಮುಟ್ಟುವುದು ಈ ಮಕ್ಕಳಿಗೆ ಹಿಂಸೆ. ಸರಿಯಾಗಿ ಕೂರುವ ಹಳೇ ಅಂಗಿ ಒಂದನ್ನು ಅಳತೆಗೆ ಅಂತ ಟೈಲರ್‌ಗೆ ಕೊಡಿ. ಅದನ್ನು ಮೇಜಿನ ಮೇಲೆ ಹರಡಿ ಕತ್ತರಿಸಿಕೊಳ್ಳುತ್ತೇವೆ, ಮಗು ಅಂಗಡಿಗೆ ಬರಲೇಬೇಕು ಅಂತಿಲ್ಲ.